ನೆಟ್‌ನಲ್ಲಿ ಹುಡುಕುವಾಗ ಎರಡು ಅಂಗಡಿ ಕೇಳಿ

ಕಳೆದ ಮಳೆಗಾಲದ ಒಂದು ಮಧ್ಯಾಹ್ನ. ಹೊಸನಗರ ಕಡೆಯ ಅಮ್ಮ ಒಬ್ಬರು ನಮ್ಮ ಅಂಗಡಿಗೆ ಬಂದರು. ಕೊಡೆ ಮಡಚಿ ಬಾಗಿಲ ಮೂಲೆಯಲ್ಲಿ ಇಟ್ಟರು. ಸೆರಗಿನಲ್ಲಿ ಸುತ್ತಿಕೊಂಡು ಬಂದಿದ್ದ ಫೋನನ್ನು ನನ್ನ ಕೈಗೆ ಕೊಟ್ಟು, "ತಂಗೀ, ಗ್ಯಾಸ್ ಬರ್ಲಿಲ್ಲ ಅಂತ ಫೋನ್ ಮಾಡಿದ್ದೆ. ದುಡ್ಡೆಲ್ಲ ಹೋಯ್ತು" ಅಂದರು.

ಆಗಿದ್ದು ಇಷ್ಟು. ಸಿಲಿಂಡರ್ ಬುಕ್ ಮಾಡಿ ವಾರ ಆಗಿತ್ತು. ಫೋನಿಗೆ ಬಾಯಲ್ಲೇ "ಗ್ಯಾಸ್ ಕಸ್ಟಮರ್ ಕೇರ್ ನಂಬರ್" ಅಂತ ಹೇಳಿ ಹುಡುಕಿದ್ದಾರೆ. ಮೊದಲು ಕಂಡ ನಂಬರಿಗೆ ಕರೆ ಮಾಡಿದ್ದಾರೆ. ಆ ಕಡೆಯವನು ಒಂದು ಆ್ಯಪ್ ಹಾಕಿಸಿದ್ದಾನೆ, ಹತ್ತು ರೂಪಾಯಿ ಕಟ್ಟಿ ಅಂದಿದ್ದಾನೆ. ಅರ್ಧ ಗಂಟೆಯಲ್ಲಿ ಖಾತೆಯಿಂದ 18,400 ರೂಪಾಯಿ ಹೋಗಿತ್ತು. ಆ ಕೂಡಲೇ 1930ಕ್ಕೆ ಫೋನ್ ಮಾಡಿ ದೂರು ಬರೆಸಿದೆ. ಸೈಬರ್ ವಂಚನೆಗೆ ಇರುವ ಸಹಾಯವಾಣಿ ಅದು. ಈ ನಂಬರನ್ನು ದಯವಿಟ್ಟು ಈಗಲೇ ಫೋನಿನಲ್ಲಿ ಸೇವ್ ಮಾಡಿಕೊಳ್ಳಿ.

ಅವರ ಕೈಚೀಲದಲ್ಲಿ ಗ್ಯಾಸ್ ಪುಸ್ತಕ ಇತ್ತು. ಅದರ ಮೇಲೆ ಏಜೆನ್ಸಿಯ ನಂಬರ್ ಅಚ್ಚಾಗಿತ್ತು. ತೋರಿಸಿದಾಗ ಅವರು ಸುಮ್ಮನೆ ನೋಡಿದರು. ಆಮೇಲೆ ಒಂದೇ ಮಾತು: "ನೆಟ್ಟಲ್ಲಿ ಮೊದಲನೇದೇ ಅದು ಇತ್ತಲ್ಲ ತಂಗೀ."

ಆ ಮಾತು ನನ್ನ ತಲೆಯಿಂದ ಹೋಗಿಲ್ಲ. ಮೊದಲು ಕಂಡದ್ದು ನಿಜ ಅಂತ ನಾವೆಲ್ಲ ನಂಬಿಬಿಟ್ಟಿದ್ದೇವೆ. ಅಡಿಕೆ ಮಾರುವಾಗ ಒಂದೇ ಮಂಡಿಯಲ್ಲಿ ದರ ಕೇಳಿ ಸುಮ್ಮನಾಗುತ್ತೀವಾ? ಇಲ್ಲ. ಸಾಗರದಲ್ಲಿ ಕೇಳುತ್ತೇವೆ, ಶಿವಮೊಗ್ಗಕ್ಕೆ ಫೋನ್ ಹಾಕುತ್ತೇವೆ, ಸೊಸೈಟಿಯಲ್ಲಿ ವಿಚಾರಿಸುತ್ತೇವೆ. ನೆಟ್‌ನಲ್ಲಿ ಹುಡುಕುವಾಗ ಮಾತ್ರ ಒಂದೇ ಬಾಗಿಲಿಗೆ ಹೋಗಿ, ಕೊಟ್ಟಿದ್ದನ್ನು ತಗೊಂಡು ಬರುತ್ತೇವೆ. ಎರಡು ಕಡೆ ಕೇಳುವುದು ಹೇಗೆ ಅಂತ ಇಲ್ಲಿ ಬರೆಯುತ್ತಿದ್ದೇನೆ. ಸಾಗರದಲ್ಲಿ 2002ರಿಂದ ಸೈಬರ್ ಸೆಂಟರ್ ನಡೆಸುತ್ತಿದ್ದೇನೆ. ಪಹಣಿ, ಸ್ಕಾಲರ್‌ಶಿಪ್ ಅರ್ಜಿ, ಬೆಳೆ ವಿಮೆ, ರೈಲು ಟಿಕೆಟ್. ಇಷ್ಟು ವರ್ಷ ಬೇರೆಯವರಿಗಾಗಿ ಹುಡುಕಿಕೊಡುವುದೇ ನನ್ನ ಕೆಲಸ. ಅದರಿಂದ ಕಲಿತದ್ದು ಇದು.

ನಿಮ್ಮ ಫೋನಿನಲ್ಲಿ ಒಂದೇ ಬಾಗಿಲು ಯಾಕಿದೆ

ಅಂಗಡಿ ಶುರು ಮಾಡಿದಾಗ ಮೂರು ಕಂಪ್ಯೂಟರ್ ಇದ್ದವು. ಫೋನ್ ಲೈನಿನ ಇಂಟರ್ನೆಟ್, ಕಿರ್ ಕಿರ್ ಅಂತ ಸದ್ದು ಮಾಡಿ ಸೇರಿಕೊಳ್ಳುತ್ತಿತ್ತು. ಆಗ ಹುಡುಕುವುದಕ್ಕೆ ಯಾಹೂ, ಆಲ್ಟಾವಿಸ್ಟಾ, ಲೈಕೋಸ್, ಗೂಗಲ್ ಎಲ್ಲ ಇದ್ದವು. ಕಾಲೇಜು ಹುಡುಗರು ಒಂದರಲ್ಲಿ ಸಿಗದಿದ್ದರೆ ಇನ್ನೊಂದರಲ್ಲಿ ನೋಡುತ್ತಿದ್ದರು. ಅದು ಯಾರೂ ಹೇಳಿಕೊಟ್ಟ ಪಾಠವಲ್ಲ, ಹಾಗೆ ಮಾಡದೆ ಬೇರೆ ದಾರಿ ಇರಲಿಲ್ಲ. ಯಾಹೂ 1994ರಲ್ಲಿ ಶುರುವಾಗಿದ್ದು, ಮೊದಲು ಅದು ಮನುಷ್ಯರು ಕೂತು ಜೋಡಿಸಿದ ಪಟ್ಟಿ. ಆಲ್ಟಾವಿಸ್ಟಾ 1995ರದ್ದು. ಗೂಗಲ್ 1998ರಲ್ಲಿ ಬಂತು. ಒಂದು ಪುಟಕ್ಕೆ ಬೇರೆ ಎಷ್ಟು ಪುಟಗಳು, ಎಂಥ ಪುಟಗಳು ಕೊಂಡಿ ಹಾಕಿವೆ ಅಂತ ಲೆಕ್ಕ ಹಾಕಿ ಕ್ರಮ ಕೊಡುವುದು ಅದರ ಹೊಸ ಉಪಾಯ. ಚೆನ್ನಾಗಿತ್ತು. ಅದಕ್ಕೇ ಜನ ಆ ಕಡೆ ಹೋದರು. ಆಲ್ಟಾವಿಸ್ಟಾ 2013ರಲ್ಲಿ ಮುಚ್ಚಿತು. ನಮ್ಮ ಬೆಂಗಳೂರಿನಲ್ಲೇ 2006ರಲ್ಲಿ ಗುರೂಜಿ ಡಾಟ್ ಕಾಮ್ ಅಂತ ಒಂದು ಶುರುವಾಗಿತ್ತು, ಅದೂ ಉಳಿಯಲಿಲ್ಲ.

ಒಳ್ಳೆಯದಿತ್ತು ಅಂತ ಗೆದ್ದಿದ್ದು ಅರ್ಧ ಕಥೆ. ಇನ್ನರ್ಧ ಜಾಗದ ಕಥೆ. ನಮ್ಮ ಮಾರಿಕಾಂಬಾ ಜಾತ್ರೆ ನೆನಪು ಮಾಡಿಕೊಳ್ಳಿ. ಜಾತ್ರೆಯ ಬಾಯಲ್ಲೇ ಇರುವ ಅಂಗಡಿಗೆ ಜನ ತಾನಾಗೇ ನುಗ್ಗುತ್ತಾರೆ. ಹಿಂದಿನ ಸಾಲಿನಲ್ಲಿ ಎಷ್ಟೇ ಒಳ್ಳೆಯ ಬೆಂಡು ಬತ್ತಾಸು ಇದ್ದರೂ ಅಲ್ಲಿಯವರೆಗೆ ಹೋಗುವವರು ಕಡಿಮೆ. ಫೋನಿನಲ್ಲೂ ಹಾಗೇ. ಡಬ್ಬಿಯಿಂದ ತೆಗೆದ ಕೂಡಲೇ ಯಾವ ಸರ್ಚ್ ಇಂಜಿನ್ ಇರುತ್ತದೋ ಅದನ್ನೇ ಜನ ಬಳಸುತ್ತಾರೆ. ಆ ಬಾಯಿಯ ಜಾಗಕ್ಕೆ ಬಾಡಿಗೆ ಇದೆ. ಅಮೆರಿಕದ ನ್ಯಾಯಾಲಯದಲ್ಲಿ ಹೊರಬಂದ ಲೆಕ್ಕದ ಪ್ರಕಾರ, ಹೀಗೆ ಮೊದಲ ಜಾಗ ಹಿಡಿಯಲು ಗೂಗಲ್ 2021ರ ಒಂದೇ ವರ್ಷದಲ್ಲಿ 26.3 ಬಿಲಿಯನ್ ಡಾಲರ್ ಕೊಟ್ಟಿದೆ. ಅಂದರೆ 2,630 ಕೋಟಿ ಡಾಲರ್. ರೂಪಾಯಿ ಅಲ್ಲ, ಡಾಲರ್. ಹುಡುಕಾಟದ ಮಾರುಕಟ್ಟೆಯಲ್ಲಿ ಗೂಗಲ್ ಕಾನೂನು ಮೀರಿ ಏಕಸ್ವಾಮ್ಯ ಉಳಿಸಿಕೊಂಡಿದೆ ಅಂತ ನ್ಯಾಯಾಧೀಶ ಅಮಿತ್ ಮೆಹ್ತಾ 2024ರ ಆಗಸ್ಟ್‌ನಲ್ಲಿ ತೀರ್ಪು ಕೊಟ್ಟರು. 2025ರ ಸೆಪ್ಟೆಂಬರ್‌ನಲ್ಲಿ, ಬೇರೆಯವರನ್ನು ಹೊರಗಿಡುವಂಥ ಒಪ್ಪಂದ ಮಾಡಬಾರದು ಅಂದರು. ನೆಟ್ ನೋಡಲು ಬಳಸುವ ಗೂಗಲ್ಲಿನ ಬ್ರೌಸರ್ ಕ್ರೋಮ್ ಅನ್ನು ಮಾರಬೇಕು ಅಂತ ಅಲ್ಲಿನ ಸರ್ಕಾರ ಕೇಳಿದ್ದನ್ನು ಒಪ್ಪಲಿಲ್ಲ.

ನಮ್ಮ ದೇಶದಲ್ಲೂ ಆಗಿದೆ. ಭಾರತೀಯ ಸ್ಪರ್ಧಾ ಆಯೋಗ 2018ರ ಫೆಬ್ರವರಿಯಲ್ಲಿ ಹುಡುಕಾಟದ ಫಲಿತಾಂಶದಲ್ಲಿ ಪಕ್ಷಪಾತ ಇದೆ ಅಂತ ಗೂಗಲ್‌ಗೆ 135.86 ಕೋಟಿ ರೂಪಾಯಿ ದಂಡ ಹಾಕಿತು. 2022ರ ಅಕ್ಟೋಬರ್‌ನಲ್ಲಿ ಆಂಡ್ರಾಯ್ಡ್ ಫೋನುಗಳ ವಿಷಯದಲ್ಲಿ 1,337.76 ಕೋಟಿ. ಅದಾದ ಮೇಲೆ 2023ರ ಜನವರಿಯಲ್ಲಿ ಗೂಗಲ್, ಭಾರತದಲ್ಲಿ ಹೊಸ ಆಂಡ್ರಾಯ್ಡ್ ಫೋನ್ ಶುರು ಮಾಡುವಾಗ ಯಾವ ಸರ್ಚ್ ಇಂಜಿನ್ ಬೇಕು ಅಂತ ಆರಿಸಲು ಒಂದು ಪರದೆ ತೋರಿಸುತ್ತೇವೆ ಅಂತ ಹೇಳಿತು. ಈ ಆಯ್ಕೆ ಹೋರಾಡಿ ಸಿಕ್ಕಿದ್ದು. ಅಂಗಡಿಯವರು ಹೊಸ ಫೋನನ್ನು ತಾವೇ ಸೆಟ್ ಮಾಡಿ ಕೊಡುತ್ತೇವೆ ಅಂದರೆ, ಬೇಡ ನಾನೇ ಮಾಡ್ತೀನಿ ಅನ್ನಿ. ಆ ಪರದೆ ಬಂದರೆ ನಿಂತು ಓದಿ ಆರಿಸಿ.

ಬದಲಾಯಿಸುವುದು ಹೇಗೆ

ಈಗಿರುವ ಫೋನಿನಲ್ಲೂ ಬದಲಾಯಿಸಬಹುದು. ಎರಡು ನಿಮಿಷದ ಕೆಲಸ. ಕ್ರೋಮ್ ತೆರೆಯಿರಿ. ಬಲಗಡೆ ಮೇಲೆ ಮೂರು ಚುಕ್ಕಿ ಇರುತ್ತವೆ, ಒತ್ತಿ. ಸೆಟ್ಟಿಂಗ್ಸ್‌ಗೆ ಹೋಗಿ. ಅಲ್ಲಿ 'ಸರ್ಚ್ ಇಂಜಿನ್' ಅಂತ ಸಾಲು ಇರುತ್ತದೆ. ಒಳಗೆ ಹೆಸರುಗಳ ಪಟ್ಟಿ ಬರುತ್ತದೆ, ಬೇಕಾದ್ದನ್ನು ಆರಿಸಿ. ನಿಮಗೆ ಬೇಕಾದ ಹೆಸರು ಪಟ್ಟಿಯಲ್ಲಿ ಇಲ್ಲದಿದ್ದರೆ ಮೊದಲು ಆ ಸೈಟಿಗೆ ಹೋಗಿ ಒಂದು ಸಲ ಏನಾದರೂ ಹುಡುಕಿ, ಆಮೇಲೆ ಪಟ್ಟಿ ನೋಡಿ. ಇತ್ತೀಚೆಗೆ ಬಳಸಿದ್ದು ಅಂತ ಕೆಳಗೆ ಸೇರಿಕೊಂಡಿರುತ್ತದೆ. ಐಫೋನಿನಲ್ಲಾದರೆ ಫೋನಿನ ಸೆಟ್ಟಿಂಗ್ಸ್ ಒಳಗೆ ಸಫಾರಿ ಹುಡುಕಿ, ಅಲ್ಲಿ ಸರ್ಚ್ ಇಂಜಿನ್ ಇದೆ.

ಒಂದು ವಿಷಯ ಗಮನಿಸಿ. ಫೋನಿನ ಮುಖಪುಟದ ಮೇಲೆ ಉದ್ದಕ್ಕೆ ಒಂದು ಹುಡುಕುವ ಪಟ್ಟಿ ಇರುತ್ತಲ್ಲ, ಅದು ಕ್ರೋಮ್ ಅಲ್ಲ. ಕ್ರೋಮ್‌ನಲ್ಲಿ ಬದಲಾಯಿಸಿದರೂ ಆ ಪಟ್ಟಿ ಗೂಗಲ್‌ಗೇ ಹೋಗುತ್ತದೆ. "ಅಕ್ಕಾ, ನೀವು ಹೇಳಿದಂಗೇ ಮಾಡಿದೆ, ಆದ್ರೂ ಹಳೇದೇ ಬರ್ತದೆ" ಅಂತ ಎಷ್ಟೋ ಜನ ವಾಪಸ್ ಬಂದಿದ್ದಾರೆ. ಹೆಚ್ಚಿನ ಫೋನುಗಳಲ್ಲಿ ಆ ಪಟ್ಟಿಯನ್ನು ಒತ್ತಿ ಹಿಡಿದರೆ ತೆಗೆದುಹಾಕಬಹುದು.

ನಾನು ಎಲ್ಲರಿಗೂ ಹೇಳುವುದು ಹೀಗೆ: ಕ್ರೋಮ್‌ನಲ್ಲಿ ಗೂಗಲ್ ಇರಲಿ. ಪಕ್ಕದಲ್ಲಿ ಫೈರ್‌ಫಾಕ್ಸ್ ಅನ್ನುವ ಇನ್ನೊಂದು ಬ್ರೌಸರ್ ಹಾಕಿಕೊಳ್ಳಿ, ಅದರಲ್ಲಿ ಬೇರೆ ಸರ್ಚ್ ಇಂಜಿನ್ ಇಡಿ. ಫೈರ್‌ಫಾಕ್ಸ್‌ನಲ್ಲೂ ಮೂರು ಚುಕ್ಕಿ, ಸೆಟ್ಟಿಂಗ್ಸ್, ಸರ್ಚ್ ಅಂತ ಹೋದರೆ ಆಯ್ತು. ಹೀಗೆ ಮಾಡಿದರೆ ಪರದೆಯ ಮೇಲೆ ಎರಡು ಚಿತ್ರ, ಎರಡು ಅಂಗಡಿ. ಯಾವುದನ್ನೂ ಬಿಡಬೇಕಾಗಿಲ್ಲ, ನೆನಪಿಟ್ಟುಕೊಳ್ಳಬೇಕಾಗಿಲ್ಲ.

ಬಾಗಿಲು ಎರಡಾದರೆ ಅಂಗಡಿ ಎರಡಲ್ಲ

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ, ಇದು ತಿಳಿಯದೆ ಬಹಳ ಜನ ಮೋಸ ಹೋಗುತ್ತಾರೆ.

ಸರ್ಚ್ ಇಂಜಿನ್ ನೀವು ಕೇಳಿದಾಗ ಇಡೀ ಇಂಟರ್ನೆಟ್ ಸುತ್ತಿ ಬರುವುದಿಲ್ಲ. ಅದರ ತಂತ್ರಾಂಶ ಮೊದಲೇ ಪುಟದಿಂದ ಪುಟಕ್ಕೆ ಹೋಗಿ ಓದಿ, ಯಾವ ಪದ ಎಲ್ಲಿದೆ ಅಂತ ದೊಡ್ಡ ಸೂಚಿ ಮಾಡಿಟ್ಟಿರುತ್ತದೆ. ಪುಸ್ತಕದ ಕೊನೆಯಲ್ಲಿ ಪದಗಳ ಮುಂದೆ ಪುಟ ಸಂಖ್ಯೆ ಇರುತ್ತಲ್ಲ, ಹಾಗೆ. ನೀವು ಕೇಳಿದಾಗ ಆ ಸೂಚಿಯಿಂದ ತೆಗೆದು ಕ್ರಮವಾಗಿ ಜೋಡಿಸಿ ಕೊಡುತ್ತದೆ. ಈ ಸೂಚಿ ಮಾಡುವುದು ಬಹಳ ಖರ್ಚಿನ ಕೆಲಸ. ಸ್ವಂತ ದೊಡ್ಡ ಸೂಚಿ ಇರುವವರು ಪ್ರಪಂಚದಲ್ಲೇ ಕೆಲವರು ಮಾತ್ರ. ಗೂಗಲ್ ಇದೆ. ಮೈಕ್ರೋಸಾಫ್ಟ್‌ನ ಬಿಂಗ್ ಇದೆ, 2009ರಿಂದ. ರಷ್ಯಾದಲ್ಲಿ ಯಾಂಡೆಕ್ಸ್, ಚೀನಾದಲ್ಲಿ ಬೈದು. 2021ರಲ್ಲಿ ಬಂದ ಬ್ರೇವ್ ಸರ್ಚ್ ತನ್ನದೇ ಸೂಚಿ ಕಟ್ಟಿಕೊಂಡಿದೆ. ಇಂಗ್ಲೆಂಡಿನ ಮೋಜೀಕ್ ಸಣ್ಣದಾದರೂ ಸ್ವಂತದ್ದು.

ಉಳಿದವರು ಹೆಚ್ಚಾಗಿ ಇವರಿಂದ ತಂದು ಕೊಡುವವರು. ಡಕ್‌ಡಕ್‌ಗೋ ಮತ್ತು ಯಾಹೂ ಕೊಡುವ ಫಲಿತಾಂಶದಲ್ಲಿ ಹೆಚ್ಚಿನದು ಬಿಂಗ್‌ನಿಂದ ಬರುತ್ತದೆ. ಆದ್ದರಿಂದ ಬಿಂಗ್‌ನಲ್ಲಿ ನೋಡಿ, ಆಮೇಲೆ ಯಾಹೂ, ಆಮೇಲೆ ಡಕ್‌ಡಕ್‌ಗೋ ನೋಡಿ, "ಮೂರು ಕಡೆಯೂ ಇದನ್ನೇ ಹೇಳ್ತಾರೆ" ಅಂದುಕೊಂಡರೆ ತಪ್ಪು. ಒಂದೇ ಅಂಗಡಿಯ ಮೂರು ಬಾಗಿಲಲ್ಲಿ ಕೇಳಿದ ಹಾಗಾಯಿತು. ನಾನೇ 2002ರಲ್ಲಿ ಈ ತಪ್ಪು ಮಾಡುತ್ತಿದ್ದೆ. ಆಗ ಗೂಗಲ್, ಯಾಹೂ ಎರಡೂ ನೋಡಿ, ಎರಡೂ ಒಂದೇ ಹೇಳುತ್ತಿವೆ, ಹಾಗಾದರೆ ಸರಿ ಅಂತ ಹುಡುಗರಿಗೆ ಹೇಳುತ್ತಿದ್ದೆ. 2000ದಿಂದ 2004ರವರೆಗೆ ಯಾಹೂ ಗೂಗಲ್‌ನ ಫಲಿತಾಂಶವನ್ನೇ ತೋರಿಸುತ್ತಿತ್ತು ಅಂತ ಗೊತ್ತಾಗಿದ್ದು ಎಷ್ಟೋ ವರ್ಷದ ಮೇಲೆ.

ಆದ್ದರಿಂದ ಜೋಡಿ ಹೀಗಿರಲಿ: ಒಂದು ಕಡೆ ಗೂಗಲ್. ಇನ್ನೊಂದು ಕಡೆ ಬಿಂಗ್ ಅಥವಾ ಡಕ್‌ಡಕ್‌ಗೋ, ಇವೆರಡರಲ್ಲಿ ಒಂದು ಸಾಕು. ಇನ್ನೂ ಬೇಕೆನಿಸಿದರೆ ಮೂರನೆಯದಾಗಿ ಬ್ರೇವ್. ನಾನು ಎರಡನೆಯದಕ್ಕೆ ಡಕ್‌ಡಕ್‌ಗೋ ಇಟ್ಟುಕೊಂಡಿದ್ದೇನೆ. ನೀವು ಏನು ಹುಡುಕಿದಿರಿ ಎಂಬ ಚರಿತ್ರೆ ಕೂಡಿಡುವುದಿಲ್ಲ ಅಂತ ಅವರು ಹೇಳುತ್ತಾರೆ. ನಮ್ಮಂಥ ಅಂಗಡಿಯಲ್ಲಿ ಒಂದೇ ಕಂಪ್ಯೂಟರಿನಲ್ಲಿ ದಿನಕ್ಕೆ ಹತ್ತಾರು ಜನ ಕೂರುತ್ತಾರೆ. ಒಬ್ಬರ ಕಾಯಿಲೆ ಇನ್ನೊಬ್ಬರ ಜಾಹೀರಾತಾಗಿ ಬರಬಾರದು.

ಕನ್ನಡದ ಮಟ್ಟಿಗೆ ಇರುವುದನ್ನು ಇರುವ ಹಾಗೆ ಹೇಳುತ್ತೇನೆ. ನಾನು ನೋಡಿದಂತೆ ಕನ್ನಡದಲ್ಲಿ ಕೇಳಿದರೆ ಗೂಗಲ್ಲೇ ಜಾಸ್ತಿ ಪುಟ ತೋರಿಸುತ್ತದೆ. ಸಣ್ಣವುಗಳಲ್ಲಿ ಕನ್ನಡ ತೆಳುವಾಗಿದೆ. ಅದಕ್ಕೇ ಎರಡನೇ ಅಂಗಡಿಯಲ್ಲಿ ಕನ್ನಡ ಪದ, ಇಂಗ್ಲಿಷ್ ಪದ ಎರಡರಲ್ಲೂ ಕೇಳಿ.

ಒಂದು ಪ್ರಶ್ನೆಯನ್ನು ಕೇಳಿ ನೋಡೋಣ

ಜೂನ್ ತಿಂಗಳಲ್ಲಿ ತಾಳಗುಪ್ಪ ಕಡೆಯ ಹುಡುಗನೊಬ್ಬ ಬಂದ. ಅಪ್ಪನಿಗೆ ಹುಷಾರಿಲ್ಲ, ಈ ಸಲ ಅಡಿಕೆ ತೋಟಕ್ಕೆ ಔಷಧಿ ಹೊಡೆಸುವುದು ಅವನ ಪಾಲಿಗೆ ಬಂದಿದೆ. ಮಳೆ ಶುರುವಾಗಿದೆ, ಕೊಳೆರೋಗ ಬರುವುದರೊಳಗೆ ಬೋರ್ಡೋ ದ್ರಾವಣ ಹೊಡೆಯಬೇಕು. ಮೈಲುತುತ್ತ (ತಾಮ್ರದ ಸಲ್ಫೇಟ್) ಎಷ್ಟು, ಸುಣ್ಣ ಎಷ್ಟು, ನೀರು ಎಷ್ಟು? ಅವನು ಫೋನಿನಲ್ಲಿ ಹುಡುಕಿ ಮೇಲೆ ಬಂದ ಉತ್ತರವನ್ನು ಕೈಯ ಮೇಲೆ ಬರೆದುಕೊಂಡಿದ್ದ: 1 ಕೆಜಿ, 1 ಕೆಜಿ, 10 ಲೀಟರ್.

ನನಗೆ ಎದೆ ಧಸಕ್ಕೆಂದಿತು. ಅದು ಸಿಂಪಡಿಸುವ ದ್ರಾವಣದ ಲೆಕ್ಕವಲ್ಲ. ಕಾಂಡಕ್ಕೆ ಹಚ್ಚುವ ಬೋರ್ಡೋ ಮುಲಾಮಿನ ಲೆಕ್ಕ. ಅಡಿಕೆ ಗೊನೆಗೆ ಹೊಡೆಯುವುದು ಶೇಕಡ 1ರ ದ್ರಾವಣ: 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ, ಒಟ್ಟು 100 ಲೀಟರ್ ನೀರು. ಹತ್ತು ಪಟ್ಟು ವ್ಯತ್ಯಾಸ. ಉತ್ತರ ಸುಳ್ಳಲ್ಲ, ಬೇರೆ ಪ್ರಶ್ನೆಯ ಉತ್ತರ ಅದು. ಹುಡುಕಾಟದಲ್ಲಿ ಹೆಚ್ಚಿನ ತಪ್ಪು ಇಂಥದ್ದೇ.

ಇಬ್ಬರೂ ಕೂತು ಮತ್ತೆ ಹುಡುಕಿದೆವು. ನಾವು ಮಾಡಿದ್ದನ್ನೇ ಇಲ್ಲಿ ಹೇಳುತ್ತೇನೆ.

ಮೊದಲು ಇನ್‌ಕಾಗ್ನಿಟೋ ಕಿಟಕಿ ತೆರೆದೆವು. ಕ್ರೋಮ್‌ನ ಅದೇ ಮೂರು ಚುಕ್ಕಿಯಲ್ಲಿ ಇದೆ. ನಿಮ್ಮ ಹಳೆಯ ಹುಡುಕಾಟ ನೋಡಿ ಫಲಿತಾಂಶ ಬದಲಾಗುವುದು ಇದರಿಂದ ಕಡಿಮೆಯಾಗುತ್ತದೆ. ಎರಡು ಅಂಗಡಿಯ ದರ ಹೋಲಿಸುವಾಗ ತಕ್ಕಡಿ ಸಮ ಇರಬೇಕಲ್ವಾ?

ಇಂಗ್ಲಿಷ್ ಅಕ್ಷರದಲ್ಲಿ ಕೊಳೆರೋಗ ಅಂತ ಬರೆದೆವು. ಕಾಫಿಯ ಪುಟಗಳೂ ನಡುವೆ ಬಂದವು! ಕಾಫಿ ಎಲೆ ಕರಗಿ ಕಪ್ಪಾಗುವ ರೋಗಕ್ಕೂ ಕೊಳೆರೋಗ ಅಂತಲೇ ಹೆಸರು. ನಮ್ಮ ಕನ್ನಡ ಪದವನ್ನೇ ಆ ಶಿಲೀಂಧ್ರದ ವೈಜ್ಞಾನಿಕ ಹೆಸರಿಗೂ ಸೇರಿಸಿಬಿಟ್ಟಿದ್ದಾರೆ. ಅಡಿಕೆಯ ಕೊಳೆ ತರುವುದು ಬೇರೆ, ಫೈಟಾಫ್ತೊರಾ ಅನ್ನುವ ಸೂಕ್ಷ್ಮಜೀವಿ. ಹೀಗಾದಾಗ ಮೈನಸ್ ಗುರುತು ಬಳಸಿ. ಬೇಡದ ಪದದ ಮುಂದೆ ಜಾಗ ಬಿಡದೆ ಮೈನಸ್ ಹಾಕಿದರೆ, ಇಲ್ಲಿ ಮೈನಸ್ ಕಾಫಿ, ಆ ಪುಟಗಳು ಹೋಗುತ್ತವೆ.

ಆಮೇಲೆ ಕನ್ನಡದಲ್ಲಿ 'ಅಡಿಕೆ ಕೊಳೆ ರೋಗ ಬೋರ್ಡೋ ದ್ರಾವಣ' ಅಂತ ಕೇಳಿದೆವು. ಮತ್ತೆ 'ಅಡಕೆ' ಅಂತ ಬರೆದು ಕೇಳಿದೆವು. ಬರುವ ಪುಟಗಳ ಕ್ರಮವೇ ಬೇರೆ. ಅಡಿಕೆ ಅಂತ ಬರೆಯುವವರು, ಅಡಕೆ ಅಂತ ಬರೆಯುವವರು ಇಬ್ಬರೂ ಇದ್ದಾರೆ, ಎರಡನ್ನೂ ಕೇಳಬೇಕು. ಕೊಳೆಗೆ ಕೆಲವರು ಮಹಾಳಿ ಅನ್ನುತ್ತಾರೆ, ಅದನ್ನೂ ಹಾಕಿ ನೋಡಿ. ಇನ್ನೊಂದು ಮಾತು, ಕನ್ನಡಕ್ಕೆ ಮಾತ್ರ ಸಂಬಂಧಿಸಿದ್ದು. ನಾವು ಮಾತಾಡುವ ಹಾಗೆ 'ಅಡಿಕೆಗೆ ಬಂದಿರುವ ಕೊಳೆರೋಗಕ್ಕೆ' ಅಂತ ಬರೆಯಬೇಡಿ. ಗೆ, ಕ್ಕೆ, ಇಂದ, ಅಲ್ಲಿ ಇವೆಲ್ಲ ಪದಕ್ಕೆ ಅಂಟಿಕೊಂಡರೆ ಹುಡುಕುವ ಯಂತ್ರಕ್ಕೆ ಅದು ಬೇರೆಯೇ ಪದವಾಗಿ ಕಾಣಬಹುದು. ಬರೀ ಮೂಲ ಪದ ಬರೆಯಿರಿ: ಅಡಿಕೆ, ಕೊಳೆ, ಬೋರ್ಡೋ.

ನಂತರ ಸರ್ಕಾರಿ ಪುಟಗಳಿಗೆ ಮಾತ್ರ ಸೀಮಿತ ಮಾಡಿದೆವು. ಪದಗಳನ್ನು ಬರೆದು, ಒಂದು ಜಾಗ ಬಿಟ್ಟು, ಇಂಗ್ಲಿಷಿನಲ್ಲಿ ಸೈಟ್ ಅಂತ ಟೈಪ್ ಮಾಡಿ, ಜಾಗ ಬಿಡದೆ ಮೇಲೊಂದು ಕೆಳಗೊಂದು ಚುಕ್ಕಿಯ ಕೋಲನ್ ಹಾಕಿ, ಅದಕ್ಕೆ ಅಂಟಿಸಿ ಜಿಒವಿ ಡಾಟ್ ಐಎನ್ ಅಂತ ಬರೆಯಿರಿ. ಗೂಗಲ್, ಬಿಂಗ್, ಡಕ್‌ಡಕ್‌ಗೋ ಮೂರರಲ್ಲೂ ಇದು ನಡೆಯುತ್ತದೆ. ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ, ಸಿಪಿಸಿಆರ್‌ಐ ಅಂತೀವಲ್ಲ, ಅದರ ಮಾಹಿತಿ ಹುಡುಕಲು ಇದು ಒಳ್ಳೆಯ ದಾರಿ. ಮತ್ತೆ ನಮ್ಮ ಇರುವಕ್ಕಿಯಲ್ಲೇ ಕೃಷಿ ಮತ್ತು ತೋಟಗಾರಿಕೆ ವಿಶ್ವವಿದ್ಯಾಲಯ ಇದೆ. ಅಂಥವರು ಬರೆದದ್ದು, ಯಾರೋ ಎಲ್ಲಿಂದಲೋ ನಕಲು ಮಾಡಿ ಹಾಕಿದ್ದು, ಎರಡಕ್ಕೂ ಒಂದೇ ಬೆಲೆ ಕೊಡಬಾರದು.

ಎರಡು ಬೇರೆ ಅಂಗಡಿಯಲ್ಲಿ, ಎರಡು ಬೇರೆ ಸಂಸ್ಥೆಯ ಪುಟದಲ್ಲಿ 100 ಲೀಟರ್ ಅಂತ ಕಂಡ ಮೇಲೆ ಹುಡುಗ ಕೈಯ ಮೇಲಿನ ಬರಹ ಅಳಿಸಿ, ಕಾಗದದಲ್ಲಿ ಬರೆದುಕೊಂಡ. ಕತ್ತಿಯ ಅಲಗು ಅದ್ದಿ ನೋಡುವ ಪರೀಕ್ಷೆಯೂ ಅಲ್ಲೇ ಸಿಕ್ಕಿತು. ಅಲಗಿನ ಮೇಲೆ ಕೆಂಪು ತಾಮ್ರದ ಬಣ್ಣ ಕೂತರೆ ಸುಣ್ಣ ಸಾಲದು ಅಂತ ಅರ್ಥ. "ಇದು ಅಪ್ಪಯ್ಯ ಮಾಡ್ತಿದ್ರು, ಯಾಕೆ ಅಂತ ಗೊತ್ತಿರ್ಲಿಲ್ಲ" ಅಂದ.

ಮೇಲೆ ಯಂತ್ರವೇ ಬರೆದು ಕೊಡುವ ಎಐ ಉತ್ತರದ ಡಬ್ಬಿಗೂ ಇದೇ ನಿಯಮ. 2022ರ ಕೊನೆಯಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ ಸ್ಪರ್ಧೆ ಆ ಕಡೆ ತಿರುಗಿದೆ. ಬಿಂಗ್ 2023ರಲ್ಲಿ, ಗೂಗಲ್ ನಮ್ಮ ದೇಶದಲ್ಲಿ 2024ರಲ್ಲಿ ಇದನ್ನು ತಂದವು. ಓದಲು ಸುಲಭ. ಆದರೆ ಅಳತೆ, ಔಷಧಿ, ದುಡ್ಡು, ಕೊನೆಯ ದಿನಾಂಕ, ಈ ನಾಲ್ಕರಲ್ಲಿ ಯಾವುದಿದ್ದರೂ ಅಲ್ಲಿ ಕೊಟ್ಟಿರುವ ಮೂಲ ಪುಟದ ಕೊಂಡಿ ಒತ್ತಿ ಒಳಗೆ ಹೋಗಿ ಓದಲೇಬೇಕು.

ನಂಬರ್ ಹುಡುಕುವಾಗ, ದಿನಾಂಕ ನೋಡುವಾಗ

ಫೋನ್ ನಂಬರ್ ಬೇಕಾದರೆ ಸರ್ಚ್ ಇಂಜಿನ್ ಕೊನೆಯ ದಾರಿ ಆಗಿರಲಿ. ಮೊದಲು ಪುಸ್ತಕ, ಬಿಲ್ಲು, ಎಟಿಎಂ ಕಾರ್ಡಿನ ಹಿಂಭಾಗ ನೋಡಿ. ಹುಡುಕಲೇಬೇಕಾದರೆ 'ಸ್ಪಾನ್ಸರ್ಡ್', 'ಪ್ರಾಯೋಜಿತ' ಅಥವಾ 'ಆಡ್' ಅಂತ ಬರೆದಿರುವುದನ್ನು ದಾಟಿ ಕೆಳಗೆ ಹೋಗಿ. ಅದು ದುಡ್ಡು ಕೊಟ್ಟು ಹಿಡಿದ ಜಾಗ. ನಕ್ಷೆಯಲ್ಲಿ ಕಾಣುವ ನಂಬರನ್ನೂ ಸಂಸ್ಥೆಯ ಸ್ವಂತ ವೆಬ್‌ಸೈಟಿನ ನಂಬರಿಗೆ ತಾಳೆ ನೋಡಿ. ಎರಡು ಅಂಗಡಿಯಲ್ಲಿ ಎರಡು ನಂಬರ್ ಬಂದರೆ ಯಾವುದಕ್ಕೂ ಫೋನ್ ಮಾಡಬೇಡಿ. ಆ ಕಡೆಯವರು ಆ್ಯಪ್ ಹಾಕಿ ಅಂದರೆ ಫೋನ್ ಇಟ್ಟುಬಿಡಿ.

ಪದೇ ಪದೇ ಬೇಕಾಗುವುದನ್ನು ಹುಡುಕಲೇಬೇಡಿ. ಅಡಿಕೆ ದರಕ್ಕೆ ರಾಜ್ಯ ಸರ್ಕಾರದ ಕೃಷಿ ಮಾರಾಟ ವಾಹಿನಿ ಇದೆ. ರಾಶಿ, ಬೆಟ್ಟೆ, ಸರಕು, ಗೊರಬಲು ಎಲ್ಲದರ ದರ ಮಾರುಕಟ್ಟೆ ಪ್ರಕಾರ ಸಿಗುತ್ತದೆ. ಪಹಣಿಗೆ ಸರ್ಕಾರದ್ದೇ 'ಭೂಮಿ' ಅನ್ನುವ ಪುಟ ಇದೆ. ಒಂದು ಸಲ ಸರಿಯಾದ ಪುಟ ತಲುಪಿದ ಮೇಲೆ ಮೂರು ಚುಕ್ಕಿ ಒತ್ತಿ ಮುಖಪುಟಕ್ಕೆ ಸೇರಿಸಿಕೊಳ್ಳಿ. ಪ್ರತಿ ಸಲ ಹುಡುಕಿದಾಗಲೂ ಅದೇ ಹೆಸರಿನ ನಕಲಿ ಪುಟಕ್ಕೆ ಬೀಳುವ ಅಪಾಯ ಇದ್ದೇ ಇರುತ್ತದೆ.

ಇನ್ನು ದಿನಾಂಕ. ಸಿಗಂದೂರಿಗೆ ಹೋಗುವವರು ನಮ್ಮ ಅಂಗಡಿಗೆ ಬಂದು ಹಿನ್ನೀರು ದಾಟಿಸುವ ಲಾಂಚ್ ಸಮಯ ಎಷ್ಟು ಅಂತ ಇವತ್ತಿಗೂ ಕೇಳುತ್ತಾರೆ. ಅಂಬಾರಗೋಡ್ಲು ಮತ್ತು ಕಳಸವಳ್ಳಿ ನಡುವೆ ಶರಾವತಿ ಹಿನ್ನೀರಿಗೆ ಅಡ್ಡಲಾಗಿ 2.44 ಕಿಲೋಮೀಟರ್ ಉದ್ದದ ಸೇತುವೆ 2025ರ ಜುಲೈ 14ರಂದು ಉದ್ಘಾಟನೆಯಾಗಿದೆ. ಆದರೆ ನೆಟ್‌ನಲ್ಲಿ ಹತ್ತು ಹದಿನೈದು ವರ್ಷದಿಂದ ಬರೆದಿಟ್ಟ ಲಾಂಚ್ ಪುಟಗಳು ರಾಶಿ ಇವೆ. ಅವಕ್ಕೆ ಕೊಂಡಿಗಳೂ ಜಾಸ್ತಿ. ಹಳೆಯದು ಮೇಲೆ ಬರುವುದಕ್ಕೆ ಅದೂ ಒಂದು ಕಾರಣ. ರಸ್ತೆ, ಬಸ್ಸು, ಜೋಗದ ನೀರು, ಅರ್ಜಿಯ ದಿನಾಂಕ ಇಂಥವನ್ನು ಹುಡುಕುವಾಗ ಕಾಲದ ಸೋಸುವಿಕೆ ಹಾಕಿ. ಗೂಗಲ್ಲಿನಲ್ಲಿ ಫಲಿತಾಂಶದ ಮೇಲುಸಾಲಿನ 'ಟೂಲ್ಸ್' ಒಳಗೆ ಕಳೆದ ತಿಂಗಳು, ಕಳೆದ ವರ್ಷ ಅಂತ ಆಯ್ಕೆ ಇರುತ್ತದೆ. ಡಕ್‌ಡಕ್‌ಗೋದಲ್ಲಿ 'ಎನಿ ಟೈಮ್' ಅಂತ ಇರುವುದನ್ನು ಒತ್ತಬೇಕು.

ನಮ್ಮ ಊರಿನ ಹೆಸರಿನದೇ ಒಂದು ತೊಂದರೆ. ಇಂಗ್ಲಿಷಿನಲ್ಲಿ ಸಾಗರ್ ಹವಾಮಾನ ಅಂತ ಕೇಳಿದರೆ ಮಧ್ಯಪ್ರದೇಶದ ಸಾಗರ್ ಪಟ್ಟಣದ್ದು ಬರುತ್ತದೆ. ಇಲ್ಲಿ ಧೋ ಅಂತ ಮಳೆ ಸುರಿಯುತ್ತಿರುತ್ತದೆ, ಫೋನ್ ಬಿಸಿಲು ಅನ್ನುತ್ತದೆ. ಜೊತೆಗೆ ಶಿವಮೊಗ್ಗ ಅಂತ ಸೇರಿಸಿ. 2014ರ ನವೆಂಬರಿಗಿಂತ ಹಳೆಯ ದಾಖಲೆ ಬೇಕಾದರೆ ಇಂಗ್ಲಿಷಿನಲ್ಲಿ ಶಿಮೊಗ ಅಂತ ಹಳೆಯ ಕಾಗುಣಿತ ಹಾಕಿ.

ಎರಡೂ ಕಡೆ ಏನೂ ಸಿಗದಿದ್ದರೆ ಅದು ಇಲ್ಲ ಅಂತಲ್ಲ. ಎಷ್ಟೋ ಸರ್ಕಾರಿ ಆದೇಶಗಳು ಸ್ಕ್ಯಾನ್ ಮಾಡಿದ ಚಿತ್ರಗಳು, ಇಲ್ಲವೇ ಯೂನಿಕೋಡ್ (ಎಲ್ಲ ಯಂತ್ರಗಳೂ ಓದಬಲ್ಲ ಅಕ್ಷರ ಸಂಕೇತ) ಅಲ್ಲದ, 'ನುಡಿ' ತಂತ್ರಾಂಶದ ಹಳೆಯ ಅಕ್ಷರದಲ್ಲಿ ಬೆರಳಚ್ಚಾದವು. ನಮ್ಮ ಕಣ್ಣಿಗೆ ಕನ್ನಡ, ಯಂತ್ರಕ್ಕೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ. ಇದು ನನಗೆ ಬಹಳ ಬೇಜಾರಿನ ಸಂಗತಿ. ಇಷ್ಟೊಂದು ಕನ್ನಡ ಬರೆದಿಟ್ಟಿದ್ದೇವೆ, ಹುಡುಕಿದರೆ ಸಿಗುವುದಿಲ್ಲ. ಆಗ ಇಲಾಖೆಯ ಹೆಸರು, ಆದೇಶದ ಸಂಖ್ಯೆ, ವರ್ಷವನ್ನು ಇಂಗ್ಲಿಷಿನಲ್ಲಿ ಹಾಕಿ ನೋಡಿ.

ಸಿಗ್ನಲ್ ಇಲ್ಲದ ಕಡೆ

ತುಮರಿ, ಕಾರ್ಗಲ್ ಒಳಗಿನ ಹಳ್ಳಿಗಳಿಂದ ಬರುವವರು ಹೇಳುತ್ತಾರೆ, ಗುಡ್ಡ ಹತ್ತಿದರೆ ಎರಡು ಕಡ್ಡಿ ಸಿಗ್ನಲ್, ಪುಟ ತೆರೆಯುವುದರೊಳಗೆ ಅದೂ ಹೋಗುತ್ತದೆ ಅಂತ. ಡಕ್‌ಡಕ್‌ಗೋದಲ್ಲಿ ಲೈಟ್ ಅಂತ ಒಂದು ಪುಟ ಇದೆ. ಚಿತ್ರ ಇಲ್ಲ, ಬರೀ ಅಕ್ಷರ. ವಿಳಾಸದ ಮೊದಲು ಇಂಗ್ಲಿಷಿನಲ್ಲಿ ಲೈಟ್ ಅಂತ ನಾಲ್ಕು ಅಕ್ಷರ, ಎಲ್ ಐ ಟಿ ಇ, ಬರೆದು ಚುಕ್ಕಿ ಇಟ್ಟು, ಮುಂದೆ ಡಕ್‌ಡಕ್‌ಗೋ ಡಾಟ್ ಕಾಮ್ ಬರೆದರೆ ಆಯ್ತು. ಕರೆಂಟು ಹೋಗಿ ಮೊಬೈಲ್ ನೆಟ್‌ನಲ್ಲಿ ಅಂಗಡಿ ನಡೆಸುವ ದಿನ ನಾನೂ ಇದನ್ನೇ ತೆರೆಯುತ್ತೇನೆ.

ಹೋಮ್‌ಸ್ಟೇ ನಡೆಸುವವರಿಗೆ

ಕೊನೆಗೆ ಇದನ್ನೂ ಹೇಳಬೇಕು. ಹುಡುಕುವವರು ಎರಡು ಕಡೆ ನೋಡಲು ಕಲಿತರೆ, ನೀವೂ ಎರಡು ಕಡೆ ಕಾಣಬೇಕು. ನಮ್ಮ ಕಡೆಯ ಹೋಮ್‌ಸ್ಟೇ, ಜೇನು, ಅಪ್ಪೆಮಿಡಿ ಉಪ್ಪಿನಕಾಯಿ ಮಾರುವವರು ಗೂಗಲ್ ನಕ್ಷೆಯಲ್ಲಿ ಹೆಸರು ಹಾಕಿಸಿ ನಿಲ್ಲುತ್ತಾರೆ. ಬಿಂಗ್‌ಗೆ ಬಿಂಗ್ ಪ್ಲೇಸಸ್ ಇದೆ, ಗೂಗಲ್‌ನಲ್ಲಿ ಈಗಾಗಲೇ ಹಾಕಿದ ವಿವರವನ್ನೇ ಅಲ್ಲಿಗೆ ತರಬಹುದು, ದುಡ್ಡು ಬೇಡ. ಡಕ್‌ಡಕ್‌ಗೋ ನಕ್ಷೆಗೆ ಆ್ಯಪಲ್ ಮ್ಯಾಪ್ಸ್ ಬಳಸುತ್ತದೆ, ಆದ್ದರಿಂದ ಆ್ಯಪಲ್‌ನಲ್ಲೂ ಜಾಗ ಗುರುತಿಸಿ. ಸ್ವಂತ ವೆಬ್‌ಸೈಟ್ ಇದ್ದರೆ, ಅದು ಇದೆ ಅಂತ ಸರ್ಚ್ ಇಂಜಿನ್ನಿಗೆ ತಿಳಿಸುವ ಗೂಗಲ್ ಸರ್ಚ್ ಕನ್ಸೋಲ್, ಬಿಂಗ್ ವೆಬ್‌ಮಾಸ್ಟರ್ ಟೂಲ್ಸ್ ಎರಡಕ್ಕೂ ಸೇರಿಸಿ. ಎಲ್ಲ ಕಡೆ ಹೆಸರು, ಫೋನ್ ನಂಬರ್ ಒಂದೇ ಇರಲಿ. ಊರಿನ ಹೆಸರನ್ನು ಕನ್ನಡದಲ್ಲೂ ಬರೆಯಿರಿ, ತಾಲೂಕು ಬಿಡಬೇಡಿ. ಎರಡು ಮೂರು ವಾರ ಬಿಟ್ಟು ಇನ್‌ಕಾಗ್ನಿಟೋದಲ್ಲಿ ನಿಮ್ಮದೇ ಹೆಸರು ಹುಡುಕಿ ನೋಡಿ. ಒಂದು ಕಡೆ ಕಾಣದಿದ್ದರೆ ಆ ಕಡೆಯದನ್ನು ಇನ್ನೊಂದು ಸಲ ಹಾಕಿ. ಅರ್ಥವಾಗದಿದ್ದರೆ ಫೋನ್ ತಗೊಂಡು ಅಂಗಡಿಗೆ ಬನ್ನಿ, ಮಧ್ಯಾಹ್ನ ಮೂರರ ಮೇಲೆ ರಶ್ ಕಡಿಮೆ ಇರುತ್ತದೆ.